ಸೈಕಲ್ ಕಟ್ಟೆ: ಗರಸು, ಜಾಲಿ ಮುಳ್ಳು ಮತ್ತು ಹಿಂದೆ ಉಳಿದವರು

ಪ್ರಶ್ನೆ: ನಾವು ಏಳು ಮಂದಿ ಗೆಳೆಯರು. ಎಲ್ಲರೂ ಈ ವರ್ಷವೇ ಗೇರ್ ಸೈಕಲ್ ತಗೊಂಡಿದ್ದೇವೆ. ಹೋದ ಭಾನುವಾರ ಹೊನ್ನಿಕೇರಿ ಕಡೆಯ ಕಾಡಂಚಿನ ದಾರಿಗೆ ಹೋಗಿದ್ದೆವು. ಇಳಿಜಾರಿನ ತಿರುವಿನಲ್ಲಿ ಇಬ್ಬರು ಒಂದೇ ಜಾಗದಲ್ಲಿ ಜಾರಿ ಬಿದ್ದರು. ಮೂರು ಪಂಕ್ಚರ್ ಬೇರೆ. ಟೈರ್ ಬದಲಿಸಬೇಕಾ?
– ಬೀದರಿನ ಓದುಗ

ಉತ್ತರ: ದುಡ್ಡು ಖರ್ಚು ಮಾಡಬೇಡಿ, ಮೊದಲು ಗಾಳಿ ಇಳಿಸಿ. ಅಂಗಡಿಯಲ್ಲಿ ಡಾಂಬರು ರಸ್ತೆಯ ಲೆಕ್ಕದಲ್ಲಿ ಟೈರು ಕಲ್ಲಾಗುವಂತೆ ಗಾಳಿ ತುಂಬಿ ಕಳಿಸುತ್ತಾರೆ. ನಮ್ಮ ಬೀದರಿನ ಕೆಂಪು ಗರಸು ನೋಡಿದ್ದೀರಲ್ಲ? ಕೆಳಗೆ ಗಟ್ಟಿ ನೆಲ, ಮೇಲೆ ಕಡಲೆಕಾಳಿನಷ್ಟು ದಪ್ಪದ ಗುಂಡು ಹರಳು. ಕಣದ ಮೇಲೆ ಜೋಳ ಚೆಲ್ಲಿ ಓಡಿದಂತೆ. ಗಟ್ಟಿ ಟೈರು ಅದರ ಮೇಲೆ ಉರುಳುತ್ತದೆ, ಹಿಡಿಯುವುದಿಲ್ಲ. ನನ್ನ ತೂಕ 72 ಕೆ.ಜಿ., ಟೈರು 2.1 ಇಂಚು. ಗಾಳಿಯ ಒತ್ತಡ ಮುಂದೆ 28 ಪಿಎಸ್‌ಐ, ಹಿಂದೆ 32 ಇಡುತ್ತೇನೆ. ತೀರಾ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ನಾನೂ ಅಂಥದೇ ತಿರುವಿನಲ್ಲಿ ಬಿದ್ದವನೇ. ತಿರುವಿನೊಳಗೆ ಹೋದ ಮೇಲೆ ಮುಂದಿನ ಬ್ರೇಕ್ ಹಿಡಿದೆ. ಮೊಣಕೈಯಿಂದ ಹರಳು ತೆಗೆಯುವಾಗ ಮನೆಯವಳು ಕೇಳಿದ್ದು ಒಂದೇ ಮಾತು: "ಬ್ರೇಕ್ ಇತ್ತಲ್ರಿ?" ಇತ್ತು, ಹಿಡಿದ ಜಾಗ ತಪ್ಪಿತ್ತು. ವೇಗ ಕಡಿಮೆ ಮಾಡುವುದು ತಿರುವಿಗೆ ಮೊದಲು, ಸೈಕಲ್ ನೆಟ್ಟಗಿರುವಾಗ. ಸೀಟು ತಗ್ಗಿಸಿ, ಪೆಡಲ್ ಸಮ ಮಾಡಿ ಎದ್ದು ನಿಂತರೆ ಮೈ ತಾನೇ ಸಂಭಾಳಿಸಿಕೊಳ್ಳುತ್ತದೆ.

ಆದರೆ ನಿಮ್ಮ ಎರಡನೆಯವರು ಯಾಕೆ ಬಿದ್ದರು? ಮೊದಲನೆಯವರ ಬೆನ್ನಿಗೇ ಅಂಟಿಕೊಂಡಿದ್ದರು ಅನಿಸುತ್ತೆ. ಮುಂದಿನವರ ಧೂಳು ನುಂಗುತ್ತಾ ಹೋದರೆ ನೆಲ ಕಾಣುವುದಿಲ್ಲ. ಇಳಿಜಾರಿನಲ್ಲಿ ಮುಂದಿನವರು ತಿರುವು ದಾಟುವವರೆಗೆ ನಿಲ್ಲಿ. ದಾರಿ ಕವಲೊಡೆದಲ್ಲಿ ಒಬ್ಬರು ಇಳಿದು ನಿಲ್ಲಬೇಕು. ಹಿಂದಿನವರು ಕಂಡ ಮೇಲೇ ಅವರು ಹೊರಡಬೇಕು. ಎಲ್ಲರಿಗಿಂತ ಹಿಂದೆ, ರಿಪೇರಿ ಗೊತ್ತಿರುವ ಒಬ್ಬರು, ಪಂಪು ಟ್ಯೂಬಿನ ಜೊತೆ. ಅತಿ ಜಾಣ ಸವಾರರನ್ನು ಮುಂದೆ ಬಿಡುವುದು ಎಲ್ಲ ಗುಂಪುಗಳ ಚಟ, ನಮ್ಮದೂ ಹಾಗೇ ಇತ್ತು. ಇನ್ನೊಂದು, ಹಿಂದೆ ಉಳಿದವರು ಬಂದ ಕೂಡಲೇ "ನಡೀರಿ" ಅನ್ನಬೇಡಿ. ಹತ್ತು ನಿಮಿಷ ಸುಧಾರಿಸಿಕೊಂಡಿದ್ದು ನೀವು, ಅವರಲ್ಲ.

ಪಂಕ್ಚರ್ ಮೂರು ಅಂದಿರಿ. ಮೂರೂ ಒಂದೇ ಸೈಕಲ್ಲಿನದಾ? ಹಾಗಿದ್ದರೆ ಮುಳ್ಳು ಬಹುಶಃ ಒಂದೇ. ಒಮ್ಮೆ ನಮ್ಮ ಗುಂಪಿನ ಹುಡುಗನೊಬ್ಬ ಹೊಸ ಟ್ಯೂಬ್ ಹಾಕಿದ. ಹತ್ತೇ ನಿಮಿಷ. "ಕಾಕಾ, ಮತ್ತ ಗಾಳಿ ಹೋತು." ಬೆರಳಾಡಿಸಿ ನೋಡಿದೆವು, ಏನೂ ತಾಗಲಿಲ್ಲ. ಕೊನೆಗೆ ಹಳೆ ಬನಿಯನ್ ಚೂರನ್ನು ಟೈರಿನ ಒಳಗೆ ಸುತ್ತಲೂ ಎಳೆದಾಗ ಒಂದು ಕಡೆ ದಾರ ಸಿಕ್ಕಿಕೊಂಡಿತು. ಬಳ್ಳಾರಿ ಜಾಲಿ ಮುಳ್ಳು. ಮೇಲೆ ಮುರಿದುಹೋಗಿತ್ತು, ಒಳಗೆ ಅಕ್ಕಿ ನುಚ್ಚಿನಷ್ಟು ತುದಿ. ಉಗುರಿಗೆ ಬರಲಿಲ್ಲ, ಚಿಮ್ಮಟದಿಂದ ಕಿತ್ತೆವು. ಅಷ್ಟರಲ್ಲಿ ಉಳಿದವರು ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಖಾಲಿ ಮಾಡಿದ್ದರು!

ಆ ಕಡೆ ಚಿಗರಿ ಹಿಂಡು ಕಂಡರೆ ನಿಂತುಬಿಡಿ, ವಿಡಿಯೋ ಮಾಡಲು ಬೆನ್ನಟ್ಟಬೇಡಿ. ಮೀಸಲು ಅರಣ್ಯದ ಒಳದಾರಿಗೆ ಇಳಿಯುವ ಮೊದಲು ಅರಣ್ಯದವರನ್ನು ಕೇಳಿಕೊಂಡೇ ಇಳಿಯಿರಿ.

ಪ್ರಶ್ನೆ: ಮಳೆಗಾಲದಲ್ಲಿ ಹದಿನೈದು ಜನ ಚಿಂಚೋಳಿ ಕಾಡಿನೊಳಗೆ ಸೈಕಲ್ ಹೊಡೆಯಬೇಕು ಅಂತಿದ್ದೇವೆ. ಹೆಂಗಸರೂ ಇದ್ದೇವೆ. ಸಲಹೆ ಕೊಡಿ.
– ಕಲಬುರಗಿಯ ಓದುಗರು

ಉತ್ತರ: ಅಕ್ಕಾರೇ, ಅದು ವನ್ಯಜೀವಿ ಧಾಮ. 1972ರ ಕಾಯ್ದೆ ಪ್ರಕಾರ ಒಳಗೆ ಹೋಗಲು ಅನುಮತಿ ಬೇಕೇ ಬೇಕು. ಅನುಮತಿ ಸಿಕ್ಕರೂ ಹದಿನೈದು ಜಾಸ್ತಿ ಆಯ್ತು. ಎರಡು ಗುಂಪು ಮಾಡಿ.

ನನಗೆ ಕಾಡಿಗಿಂತ ಹೆಚ್ಚು ಭಯ ದಾರಿಯ ಎರೆಹೊಲಗಳದ್ದು. ಕೆಂಪು ಗರಸಿನಲ್ಲಿ ನೀರು ಬೇಗ ಇಂಗುತ್ತದೆ, ಮಳೆ ನಿಂತ ಮರುದಿನ ಸೈಕಲ್ ಓಡುತ್ತದೆ. ಎರೆ ಮಣ್ಣು ನೀರು ಹಿಡಿದು ಉಬ್ಬುತ್ತದೆ. ಟೈರಿಗೆ ಹತ್ತಿ, ಬ್ರೇಕಿನ ಸಂದಿಗೆ ತುಂಬಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಒಂದು ಕಿಲೋಮೀಟರ್ ಬಂಡಿದಾರಿಯಲ್ಲಿ ಸೈಕಲ್ ಹೆಗಲ ಮೇಲೆ ಹೊತ್ತವನು ನಾನು. ಚಪ್ಪಲಿಯೂ ಅಲ್ಲೇ ಉಳಿಯಿತು. ಎರಡು ಮೂರು ದಿನ ಬಿಸಿಲು ಬಿದ್ದ ಮೇಲೆ ಹೋಗಿ.

ಪ್ರಶ್ನೆ: ಮಗನಿಗೆ 13 ವರ್ಷ. ಗೇರ್ ಇಲ್ಲದ ಸೈಕಲ್. ಅವನ ಸೋದರಮಾವನ ಗುಂಪಿನ ಜೊತೆ ಗುಡ್ಡದ ದಾರಿಗೆ ಹೋಗ್ತೀನಿ ಅಂತಾನೆ. ಕಳಿಸಲಾ?
– ಯಾದಗಿರಿಯ ತಾಯಿ

ಉತ್ತರ: ಕಳಿಸಿ ತಾಯಿ. ಏರು ಬಂದಲ್ಲಿ ಇಳಿದು ತಳ್ಳಿದರಾಯ್ತು. ಬ್ರೇಕಿನ ರಬ್ಬರ್ ಮಾತ್ರ ಹೊಸದು ಹಾಕಿಸಿ. ದೊಡ್ಡವರ ಹೆಲ್ಮೆಟ್ ಕೊಟ್ಟು ಕಳಿಸಬೇಡಿ, ಅವನ ತಲೆಗೆ ಸರಿಯಾದದ್ದೇ ತನ್ನಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಅದು ಬೇರೆಯಾಗಿ ಅಲ್ಲಾಡಬಾರದು. ಇನ್ನು ಆ ಸೋದರಮಾವನಿಗೆ ನನ್ನ ಮೊದಲನೆ ಉತ್ತರ ಓದಿಸಿ, ಕವಲುದಾರಿಯ ಭಾಗ ಎರಡು ಸಲ.