ಓದುಗರ ಪ್ರಶ್ನೆ: ಗೋಕರ್ಣಕ್ಕೆ ಯಾವ ದಾರಿ?

ಗೋಕರ್ಣದ ಪ್ರಯಾಣದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆಂಗಳೂರಿನಿಂದ ಕುಮಟಾವರೆಗಿನ ದಾರಿಯನ್ನೇ ಕುರಿತವು. ತೊಂದರೆ ಆಗುವುದು ಮಾತ್ರ ಕೊನೆಯ ಹತ್ತು-ಮೂವತ್ತು ಕಿಲೋಮೀಟರಿನಲ್ಲಿ. ಎಲ್ಲಿ ಇಳಿಯುತ್ತೀರಿ, ಅಲ್ಲಿಂದ ಪೇಟೆಗೆ ಏನು ಸಿಗುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಟಿಕೆಟ್ ತೆಗೆಯಿರಿ.

ಪ್ರಶ್ನೆ: ಅಪ್ಪನಿಗೆ 68, ಅಮ್ಮನಿಗೆ 63. ಅವರನ್ನು ಕರೆದುಕೊಂಡು ಬೆಂಗಳೂರಿನಿಂದ ಹೊರಡಬೇಕು. ರೈಲು ಒಳ್ಳೆಯದೋ ಬಸ್ಸೋ?

ಉತ್ತರ: ರೈಲು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಏಳರ ಆಸುಪಾಸಿನಲ್ಲಿ ಹೊರಟು ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ಮೇಲೆ ಕರಾವಳಿಗಿಳಿದು, ಬೆಳಿಗ್ಗೆ ಏಳರ ಹೊತ್ತಿಗೆ ಗೋಕರ್ಣ ರೋಡ್ ತಲುಪುತ್ತದೆ. ಹಗಲಲ್ಲೇ ಇಳಿಯುವುದರಿಂದ ಆಟೋ ಸಿಗುತ್ತದೆ.

ಮುಂಗಡ ಬುಕಿಂಗ್ ಈಗ 60 ದಿನ ಮೊದಲಷ್ಟೇ ತೆರೆಯುತ್ತದೆ. ವಾರಾಂತ್ಯದ ಟಿಕೆಟ್ ಬೇಗ ಮುಗಿಯುವುದರಿಂದ ಆ ಬೆಳಿಗ್ಗೆಯೇ ಕೂತು ಮಾಡಿ. ಇನ್ನೊಂದು ಮುಖ್ಯ ವಿಷಯ: ಕೆಳಗಿನ ಬರ್ತ್‌ನ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಇದೆ. ಆದರೆ ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ನಿಮ್ಮ ಹೆಸರನ್ನೂ ಅದೇ ಟಿಕೆಟ್‌ಗೆ ಸೇರಿಸಿದರೆ ಆ ಕೋಟಾ ಸಿಗುವುದಿಲ್ಲ, ಅಪ್ಪನಿಗೆ ಮೇಲಿನ ಬರ್ತ್ ಬಂದರೂ ಬಂತು. ಅವರಿಬ್ಬರಿಗೆ ಒಂದು ಟಿಕೆಟ್, ನಿಮಗೆ ಬೇರೆ ಟಿಕೆಟ್ ತೆಗೆಯಿರಿ. ನಿಮ್ಮ ಬೋಗಿ ಬೇರೆಯಾಗಬಹುದು, ಅದಕ್ಕೆ ಸಿದ್ಧರಿರಿ.

ತತ್ಕಾಲ್ ಟಿಕೆಟ್ ರೈಲು ಹೊರಡುವ ಹಿಂದಿನ ದಿನ ಎಸಿ ಬೋಗಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಆನ್‌ಲೈನ್‌ನಲ್ಲಿ ತೆಗೆಯಲು ಖಾತೆಗೆ ಆಧಾರ್ ದೃಢೀಕರಣ ಆಗಿರಬೇಕು. ಆ ಕೆಲಸವನ್ನು ಹಿಂದಿನ ವಾರವೇ ಮುಗಿಸಿಡಿ.

ಗೋಕರ್ಣ ರೋಡ್ ನಿಲ್ದಾಣ ಪೇಟೆಯೊಳಗಿಲ್ಲ, ಎಂಟು-ಹತ್ತು ಕಿ.ಮೀ. ದೂರ. ರೈಲು ಬರುವ ಹೊತ್ತಿಗೆ ಆಟೋಗಳು ಬಂದು ನಿಂತಿರುತ್ತವೆ, ಜನ ಇಳಿದು ಹೋದ ಮೇಲೆ ಅವೂ ಹೋಗುತ್ತವೆ. ಪ್ಲಾಟ್‌ಫಾರ್ಮ್‌ನಲ್ಲಿ ಚಹಾ ಕುಡಿಯುತ್ತ ಕೂರಬೇಡಿ. ಬಾಡಿಗೆ ಮೊದಲೇ ಮಾತಾಡಿ, ಪೇಟೆಯ ಯಾವ ಜಾಗಕ್ಕೆಂದೂ ಹೇಳಿ: ಓಂ ಬೀಚ್ ಪೇಟೆಯಿಂದ ಮತ್ತೆ ಆರೇಳು ಕಿ.ಮೀ., ಅದರ ದರ ಬೇರೆ.

ಪ್ರಶ್ನೆ: ಸ್ಲೀಪರ್ ಬಸ್ಸಿನ ಟಿಕೆಟ್‌ನಲ್ಲಿ ‘ಗೋಕರ್ಣ’ ಎಂದಿದ್ದರೂ ನಸುಕಿನಲ್ಲಿ ಹೆದ್ದಾರಿಯಲ್ಲೇ ಇಳಿಸಿದರು. ಹೀಗೇಕೆ?

ಉತ್ತರ: ಕಾರವಾರಕ್ಕೋ ಗೋವಾಕ್ಕೋ ಹೋಗುವ ಬಸ್ಸು ರಾಷ್ಟ್ರೀಯ ಹೆದ್ದಾರಿ 66 ಬಿಟ್ಟು ಒಳಗೆ ಬರುವುದಿಲ್ಲ. ಗೋಕರ್ಣದ ತಿರುವು ಇರುವುದು ಮಾದನಗೇರಿ ಕ್ರಾಸ್‌ನಲ್ಲಿ, ಅಲ್ಲಿಂದ ಪೇಟೆಗೆ ಸುಮಾರು 10 ಕಿ.ಮೀ. ನಾಲ್ಕೂವರೆ ಐದಕ್ಕೆ ಅಲ್ಲಿ ಇಳಿದರೆ ಬೆಳಕು ಹರಿಯುವವರೆಗೆ ಕಾಯಬೇಕಾಗಬಹುದು. ಬುಕ್ ಮಾಡುವಾಗ ಊರಿನ ಹೆಸರನ್ನಷ್ಟೇ ನೋಡದೆ ‘ಇಳಿಯುವ ಸ್ಥಳ’ ತೆರೆದು ನೋಡಿ. ‘ಗೋಕರ್ಣ ಬಸ್ ನಿಲ್ದಾಣ’ ಎಂದಿದ್ದರೆ ಸರಿ. ‘ಕ್ರಾಸ್’, ‘ಬೈಪಾಸ್’, ‘ಮಾದನಗೇರಿ’ ಎಂದಿದ್ದರೆ ಆ ಬಸ್ಸು ಬೇಡ, ಇಲ್ಲವೇ ಕುಮಟಾದಲ್ಲೇ ಇಳಿಯಿರಿ. ಅಲ್ಲಿ ಬಸ್ ನಿಲ್ದಾಣದಲ್ಲಿ ಕೂರಲು ಜಾಗವಿದೆ, ಗೋಕರ್ಣದ ಲೋಕಲ್ ಬಸ್ ಅಲ್ಲಿಂದಲೇ ಹೊರಡುತ್ತದೆ, ದೂರ ಸುಮಾರು 30 ಕಿ.ಮೀ.

ಪ್ರಶ್ನೆ: ಜುಲೈನಲ್ಲಿ ನಮ್ಮದೇ ಕಾರಿನಲ್ಲಿ ಹೊರಟಿದ್ದೇವೆ. ಯಾವ ಘಟ್ಟ ಇಳಿಯಬೇಕು?

ಉತ್ತರ: ದಿನಾಂಕ ಬದಲಿಸಲು ಸಾಧ್ಯವಿದ್ದರೆ ನವೆಂಬರ್‌ಗೆ ಹಾಕಿಕೊಳ್ಳಿ. ಆಗದು ಎಂದಾದರೆ ನಕ್ಷೆಯನ್ನು ಹೀಗೆ ಓದಿ.

ಹಾವೇರಿ–ಶಿರಸಿ ಮೇಲೆ ಬಂದು ದೇವಿಮನೆ ಘಟ್ಟ ಇಳಿದರೆ ಕುಮಟಾ, ಅಂದರೆ ಮಾದನಗೇರಿಯ ದಕ್ಷಿಣಕ್ಕೆ. ಹುಬ್ಬಳ್ಳಿ–ಯಲ್ಲಾಪುರ ಮೇಲೆ ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಅಂದರೆ ಉತ್ತರಕ್ಕೆ. ಬೆಂಗಳೂರಿನವರಿಗೆ ಮೊದಲನೆಯದು ಹತ್ತಿರ, ಸುಮಾರು 500 ಕಿ.ಮೀ. ಎರಡನೆಯದು ಐವತ್ತು ಅರವತ್ತು ಕಿ.ಮೀ. ಹೆಚ್ಚು, ಲಾರಿಗಳ ಸಾಲೂ ಹೆಚ್ಚು. ಶಿರಸಿ–ಕುಮಟಾ ರಸ್ತೆಯನ್ನು ಅಗಲ ಮಾಡಲು ಘಟ್ಟದಲ್ಲಿ ಗುಡ್ಡ ಕಡಿದಿದ್ದಾರೆ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದ ಕಡೆ, ಮಳೆನೀರು ಕುಡಿದು ಭಾರವಾದ ಮಣ್ಣಿಗೆ ಕೆಳಗಿನ ಆಸರೆ ಇರುವುದಿಲ್ಲ, ಕುಸಿಯುತ್ತದೆ. ಜಿಲ್ಲಾಡಳಿತ ಇಲ್ಲಿ ಸಂಚಾರ ನಿರ್ಬಂಧಿಸಿದ್ದುಂಟು. ಹಾಗಾಗಿ ಹಾವೇರಿಯಲ್ಲಿ ಹೆದ್ದಾರಿ ಬಿಡುವ ಮುನ್ನವೇ ಉತ್ತರ ಕನ್ನಡ ಜಿಲ್ಲಾಡಳಿತದ ಆ ದಿನದ ಪ್ರಕಟಣೆ ನೋಡಿ. ಶಿರಸಿಗೆ ಬಂದಮೇಲೆ ತಿಳಿದರೆ ಸುತ್ತು ದೊಡ್ಡದಾಗುತ್ತದೆ.

ಹಲವರು ಮರೆಯುವ ಸಂಗತಿ ಇನ್ನೊಂದಿದೆ. ಶಿರೂರು ಇರುವುದು ಅಂಕೋಲಾ ಮತ್ತು ಮಾದನಗೇರಿಯ ನಡುವೆ. 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಪಕ್ಕದ ಗಂಗಾವಳಿ ನದಿಗೆ ಬಿದ್ದು ಜೀವಗಳನ್ನು ತೆಗೆದುಕೊಂಡ ಜಾಗ ಅದು. ಅಲ್ಲಿ ತಡೆ ಬಿದ್ದರೆ ಅರಬೈಲ್ ಇಳಿದು ಪ್ರಯೋಜನವಿಲ್ಲ. ದೇವಿಮನೆಯೂ ಬಂದ್ ಆದರೆ ಶಿವಮೊಗ್ಗ–ಸಾಗರ–ಮಾವಿನಗುಂಡಿ–ಗೇರುಸೊಪ್ಪ ಮೇಲೆ ಹೊನ್ನಾವರಕ್ಕಿಳಿದು, ದಕ್ಷಿಣದಿಂದ ಕುಮಟಾಕ್ಕೆ ಬನ್ನಿ.

ರೈಲಿಗೂ ಮಳೆಯ ಕಾಟ ತಪ್ಪಿದ್ದಲ್ಲ. ಅದೇ ತಿಂಗಳ ಕೊನೆಯಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಎಡಕುಮೇರಿ ಭಾಗದಲ್ಲಿ ಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ನಿಂತವು. ಕೊಂಕಣ ರೈಲ್ವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಗಾಲದ ಬೇರೆ ವೇಳಾಪಟ್ಟಿ ನಡೆಸುತ್ತದೆ, ವೇಗವನ್ನೂ ತಗ್ಗಿಸುತ್ತದೆ. ಬೇಸಿಗೆಯಲ್ಲಿ ನೋಡಿಟ್ಟ ಸಮಯವನ್ನು ಆಗ ನಂಬಬೇಡಿ.

ಕಾರಿನಲ್ಲಿ ಘಟ್ಟ ಇಳಿಯುವಾಗ ಎರಡನೇ ಗೇರ್‌ನಲ್ಲಿರಿ, ಆಟೋಮ್ಯಾಟಿಕ್ ಆದರೆ ಕೆಳ ಗೇರಿಗೆ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ, ಕಡಿದ ಗುಡ್ಡದ ಬುಡದಿಂದ ದೂರ ನಿಲ್ಲಿಸಿ ಆರಲು ಬಿಡಿ. ಕತ್ತಲಲ್ಲಿ ಘಟ್ಟ ಇಳಿಯಲೇಬೇಡಿ. ಮಧ್ಯಾಹ್ನ ಮೂರರೊಳಗೆ ಶಿರಸಿಯಲ್ಲಿ ಇಲ್ಲದಿದ್ದರೆ ಅಲ್ಲೇ ಉಳಿಯಿರಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಶಕ್ತಿ ಯೋಜನೆಯಲ್ಲಿ ಹೋಗಬಹುದೇ?

ಉತ್ತರ: ಹೌದು. ವಾಯವ್ಯ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಿರಿ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಇಲ್ಲ. ರೈಲಿನಲ್ಲಿ ಬಂದಿಳಿಯುವವರು ಗೋಕುಲ ರಸ್ತೆಯ ಹೊಸ ಬಸ್ ನಿಲ್ದಾಣಕ್ಕೆ ಹೋಗಬೇಕು. ನೇರ ಬಸ್ ತಪ್ಪಿದರೆ ಅಂಕೋಲಾದ ಬಸ್ ಹತ್ತಿ, ಅಲ್ಲಿ ಬದಲಿಸಿ. ಘಂಟೆಗಟ್ಟಲೆ ನೇರ ಬಸ್ಸಿಗೆ ಕಾಯುವುದಕ್ಕಿಂತ ಅದು ಬೇಗ.

ಪ್ರಶ್ನೆ: ವಂದೇ ಭಾರತ್‌ನಲ್ಲಿ ಮಂಗಳೂರಿನಿಂದ ಬರಬಹುದೇ?

ಉತ್ತರ: ಮಂಗಳೂರು–ಮಡಗಾಂವ್ ವಂದೇ ಭಾರತ್ ಗೋಕರ್ಣವನ್ನು ದಾಟಿ ಕಾರವಾರದಲ್ಲಿ ನಿಲ್ಲುತ್ತದೆ. ಅಲ್ಲಿಂದ 60 ಕಿ.ಮೀ. ಹಿಂದೆ ಬರಬೇಕು. ಮಂಗಳೂರು–ಮಡಗಾಂವ್ ಪ್ಯಾಸೆಂಜರ್ ಗೋಕರ್ಣ ರೋಡ್‌ನಲ್ಲೇ ನಿಲ್ಲುತ್ತದೆ, ಅದೇ ಸರಿ.

ಪ್ರಶ್ನೆ: ಶಿವರಾತ್ರಿಗೆ ಕಾರು ತರಬಹುದೇ?

ಉತ್ತರ: ತರದಿದ್ದರೆ ನೆಮ್ಮದಿ. ರಥಬೀದಿ ಇಕ್ಕಟ್ಟು, ವಾಹನಗಳನ್ನು ಊರ ಹೊರಗೇ ತಡೆಯುತ್ತಾರೆ. ರಥೋತ್ಸವದ ದಿನ ವಾಪಸು ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಹಿಂತಿರುಗುವ ಟಿಕೆಟ್ ಮೊದಲು ತೆಗೆಯಿರಿ.

ಪ್ರಶ್ನೆ: ಕುಮಟಾದಿಂದ ದೋಣಿಯಲ್ಲೂ ಬರಬಹುದಂತೆ, ನಿಜವೇ?

ಉತ್ತರ: ನಿಜ. ಕುಮಟಾದಿಂದ ಅಘನಾಶಿನಿ ಊರಿಗೆ ಬಸ್ಸು, ಅಲ್ಲಿಂದ ನದಿ ದಾಟಿಸುವ ದೋಣಿ, ಆಚೆ ದಡ ತದಡಿ. ತದಡಿಯಿಂದ ಗೋಕರ್ಣಕ್ಕೆ ಬಸ್ಸೋ ಆಟೋವೋ. ಹೊರೆ ಕಡಿಮೆ ಇದ್ದವರಿಗೆ ತುಂಬ ಚೆಂದದ ದಾರಿ. ಮಳೆಗಾಲದಲ್ಲಿ ನೀರಿನ ಸೆಳೆತ ಜೋರು, ದೋಣಿ ನಿಂತಿರಬಹುದು. ಕುಮಟಾ ನಿಲ್ದಾಣದಲ್ಲೇ ವಿಚಾರಿಸಿ ಬಸ್ ಹತ್ತಿ, ಸಂಜೆಯ ಕೊನೆಯ ದೋಣಿ ಎಷ್ಟಕ್ಕೆಂದೂ ಕೇಳಿಕೊಳ್ಳಿ.