ಅಪ್ಪನ ಮಿಲಿಟರಿ ದಾಖಲೆಯಲ್ಲಿ ಮೂರು ತಪ್ಪುಗಳಿವೆ, ಎಲ್ಲವನ್ನೂ ಒಟ್ಟಿಗೇ ಸರಿ ಮಾಡಿಸಬಹುದಾ?

ನಿಮ್ಮ ಪ್ರಶ್ನೆಯನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ನೀವು ಗಂಗಾವತಿಯವರು. ತಂದೆ 1991ರಲ್ಲಿ ಸೇನೆಯಿಂದ ಪೆನ್ಶನ್ ಬಂದವರು. ಅವರ ಪಿಪಿಓದಲ್ಲಿ, ಅಂದರೆ ಪೆನ್ಶನ್ ಮಂಜೂರಾತಿ ಆದೇಶದಲ್ಲಿ, ತಾಯಿಯ ಹೆಸರು ಬೇರೆಯೇ ಇದೆ, ತಾಯಿಯ ಹುಟ್ಟಿದ ದಿನಾಂಕದ ಜಾಗ ಖಾಲಿ. ತಂದೆಯ ಹುಟ್ಟಿದ ವರ್ಷ ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಜಿಲ್ಲೆ ಕೊಪ್ಪಳದ ಬದಲು ರಾಯಚೂರು ಅಂತಿದೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತಿದ್ದಿಸಬೇಕು ಅಂತ ನಿಮ್ಮ ಆಸೆ.

ಬೇಡ. ಮೂರರಲ್ಲಿ ಒಂದನ್ನೇ ಹಿಡಿಯಿರಿ, ತಾಯಿಯದು. ಅದನ್ನು ತಂದೆ ಗಟ್ಟಿಮುಟ್ಟಾಗಿ ಸಹಿ ಹಾಕುವಂತಿರುವಾಗಲೇ ಮುಗಿಸಿ.

ನಾನು ಕೊಪ್ಪಳದವನು. ಸೇನೆಯಲ್ಲಿ ಕ್ಲರ್ಕ್ ಆಗಿದ್ದೆ, ಹವಾಲ್ದಾರ್ ಆಗಿ ಹೊರಬಂದೆ. ಇಂಥ ತಪ್ಪುಗಳನ್ನು ಟೈಪ್ ಮಾಡಿದ ಪಾಪದಲ್ಲಿ ನನ್ನ ಪಾಲೂ ಇದೆ.

ಮೊದಲು ಜಿಲ್ಲೆಯ ವಿಷಯ. ಅದು ತಪ್ಪೇ ಅಲ್ಲ. ಕೊಪ್ಪಳ ಜಿಲ್ಲೆ ಆಗಿದ್ದು 1997ರಲ್ಲಿ. ನಿಮ್ಮ ತಂದೆ ಭರ್ತಿ ಆದಾಗಲೂ ಮನೆಗೆ ಬಂದಾಗಲೂ ಗಂಗಾವತಿ ರಾಯಚೂರು ಜಿಲ್ಲೆಯಲ್ಲೇ ಇತ್ತು. ಹೊಸಪೇಟೆಯವರಿಗೂ ಈಗ ಇದೇ ಗೊಂದಲ. ಹಳೆ ಕಾಗದದಲ್ಲಿ ಬಳ್ಳಾರಿ, 2021ರಿಂದ ವಿಜಯನಗರ. ಈಗಿನ ವಿಳಾಸವನ್ನು ಸೇನಾ ಪೆನ್ಶನ್‌ನ ಆನ್‌ಲೈನ್ ತಾಣವಾದ ಸ್ಪರ್ಶ್‌ನಲ್ಲಿ ಬದಲಿಸಿಕೊಂಡರೆ ಸಾಕು. ಹಳೆಯದನ್ನು ಮುಟ್ಟಬೇಡಿ.

ಇನ್ನು ತಂದೆಯ ಹುಟ್ಟಿದ ದಿನಾಂಕ. ಡಿಸ್ಚಾರ್ಜ್ ಬುಕ್ಕಿನಲ್ಲಿ ಜೂನ್ 1 ಅಂತಿದೆ ಅಂದಿರಿ. ನಮ್ಮ ಕಡೆ ಶಾಲೆಗೆ ಹಚ್ಚುವಾಗ ಮೇಷ್ಟ್ರು ಎಷ್ಟೋ ಮಕ್ಕಳಿಗೆ ಅದೇ ತಾರೀಖು ಬರೆದುಬಿಡುತ್ತಿದ್ದರು, ಗೊತ್ತಲ್ವಾ? ನಿಜವೋ ಸುಳ್ಳೋ, ಭರ್ತಿಯಲ್ಲಿ ಬರೆಸಿದ ದಿನಾಂಕವೇ ಕೊನೆತನಕ ನಡೆಯುತ್ತದೆ. ಸರ್ವಿಸ್ ಮುಗಿದು ಮೂವತ್ತು ವರ್ಷದ ಮೇಲೆ ಅದನ್ನು ಬದಲಿಸಲು ಯಾರೂ ಒಪ್ಪುವುದಿಲ್ಲ. ಜನರಲ್ ವಿ.ಕೆ. ಸಿಂಗ್ ಸೇನೆಯ ಮುಖ್ಯಸ್ಥರಾಗಿದ್ದಾಗ ಅವರ ಹುಟ್ಟಿದ ವರ್ಷವೂ ಸೇನೆಯ ಒಂದು ಶಾಖೆಯಲ್ಲಿ 1950, ಇನ್ನೊಂದರಲ್ಲಿ 1951 ಇತ್ತು. 2012ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದರು. ಕೊನೆಗೆ ಅರ್ಜಿ ವಾಪಸ್ ತೆಗೆದುಕೊಂಡು, 1950ರ ಲೆಕ್ಕದಂತೆಯೇ ಮೇ 31ಕ್ಕೆ ನಿವೃತ್ತರಾದರು. ಅವರಿಗೇ ಆಗಲಿಲ್ಲ! ನೀವು ಉಲ್ಟಾ ಮಾಡಿ. ಪಿಪಿಓ ತೋರಿಸಿ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ, ಆದ್ದರಿಂದ ಹುಷಾರು.

ಈಗ ಅಸಲಿ ಕೆಲಸ. ಮದುವೆಯಾದ ಜವಾನ ಯೂನಿಟ್‌ಗೆ ತಿಳಿಸುತ್ತಾನೆ. ಅಲ್ಲಿನ ಕ್ಲರ್ಕ್ ಪಾರ್ಟ್ ಟು ಆರ್ಡರ್, ಅಂದರೆ ಜವಾನನ ಸ್ವಂತ ವಿವರ ದಾಖಲಿಸುವ ಆದೇಶ, ಹೊರಡಿಸುತ್ತಾನೆ. ಅದು ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಹೋಗಿ, ಜವಾನನ ಮೂಲ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ಸೇರುತ್ತದೆ. ಪೆನ್ಶನ್ ಹೊತ್ತಿಗೆ ವಿವರ ಅಲ್ಲಿಂದ ಸೇನಾ ಪೆನ್ಶನ್ ಕಚೇರಿ ಇರುವ ಅಲಹಾಬಾದ್‌ಗೆ, ಅಂದರೆ ಈಗಿನ ಪ್ರಯಾಗ್‌ರಾಜ್‌ಗೆ ಹೋಗಿ ಪಿಪಿಓ ಆಗುತ್ತದೆ. ತಪ್ಪು ಎಲ್ಲಿ ಹೊಕ್ಕಿತು ಅನ್ನುವುದನ್ನು ಮೊದಲು ಹುಡುಕಿ. ಶೀಟ್ ರೋಲ್‌ನಲ್ಲಿ ಹೆಸರು ಸರಿ ಇದ್ದು ಪಿಪಿಓದಲ್ಲಿ ಮಾತ್ರ ತಪ್ಪಿದ್ದರೆ ಕೆಲಸ ಹಗುರ. ರೆಕಾರ್ಡ್ ಆಫೀಸಿನವರು ಬರೆದು ತಿದ್ದುಪಡಿ ಪಿಪಿಓ ತರಿಸುತ್ತಾರೆ. ಅದಕ್ಕೆ ಕಾರಿಜೆಂಡಮ್ ಅಂತಾರೆ. ಶೀಟ್ ರೋಲ್‌ನಲ್ಲೇ ತಪ್ಪಿದ್ದರೆ ಮೊದಲು ಹೊಸ ಪಾರ್ಟ್ ಟು ಆರ್ಡರ್ ಆಗಬೇಕು, ಕಾರಿಜೆಂಡಮ್ ಆಮೇಲೆ.

ಡಿಸ್ಚಾರ್ಜ್ ಬುಕ್ಕಿನಲ್ಲಿ ಕುಟುಂಬದ ವಿವರ ಬರೆದ ಪುಟ ನೋಡಿ. ಅಲ್ಲಿ ಗೊತ್ತಾಗದಿದ್ದರೆ ತಂದೆಯ ಹೆಸರಿನಲ್ಲೇ ಆರ್‌ಟಿಐ ಹಾಕಿ ಶೀಟ್ ರೋಲ್ ನಕಲು ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಿಮ್ಮ ಹೆಸರಿನಲ್ಲಿ ಹಾಕಿದರೆ ಬೇರೆಯವರ ಖಾಸಗಿ ವಿವರ ಅಂತ ತಳ್ಳಿಹಾಕಬಹುದು.

ಹೆಸರಿನ ತಪ್ಪಿನಲ್ಲೂ ಎರಡು ಬಗೆ. ಒಂದು ಕಾಗುಣಿತದ್ದು. ಹುಲಿಗೆಮ್ಮ ಅನ್ನುವ ಹೆಸರನ್ನು ಉತ್ತರದ ಕ್ಲರ್ಕ್ ಒಬ್ಬ ಕಿವಿಯಿಂದ ಕೇಳಿ ಇಂಗ್ಲಿಷಿನಲ್ಲಿ ಬರೆದರೆ ಏನಾಗಬೇಡ? ನಮ್ಮವರು ಮೊದಲಿನ ಹಕಾರವನ್ನೇ ನುಂಗುತ್ತಾರೆ, ಅವನು ಉಳಿದದ್ದನ್ನು ನುಂಗುತ್ತಾನೆ. ಯಂಕಪ್ಪ, ವೆಂಕಪ್ಪ ಗೊಂದಲ ನಾನೇ ಎಷ್ಟೋ ಮಾಡಿದ್ದೇನೆ. ಇನ್ನೊಂದು ಬಗೆ, ತವರಿನ ಹೆಸರು ಒಂದು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು ಇನ್ನೊಂದು. ನಿಮ್ಮದು ಈ ಎರಡನೆಯದು ಅನ್ನಿಸುತ್ತದೆ. ಇದಕ್ಕೆ ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಬೇಕೇ ಬೇಕು. ನೋಟರಿ ಸಾಕೋ, ಮ್ಯಾಜಿಸ್ಟ್ರೇಟ್ ಮುಂದೆಯೇ ಆಗಬೇಕೋ, ಪೇಪರಿನಲ್ಲಿ ಪ್ರಕಟಣೆ ಕೊಡಬೇಕೋ ಅಂತ ರೆಕಾರ್ಡ್ ಆಫೀಸನ್ನು ಮೊದಲೇ ಕೇಳಿ, ಆಮೇಲೆ ದುಡ್ಡು ಖರ್ಚು ಮಾಡಿ.

ತಾಯಿಯ ಹುಟ್ಟಿದ ದಿನಾಂಕವನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಖಾಲಿ ಜಾಗ ತಾನೆ ಅಂತ ಬಿಡಬೇಡಿ. ಮುಂದೆ ತಾಯಿಗೆ ಫ್ಯಾಮಿಲಿ ಪೆನ್ಶನ್ ಬಂದರೆ 80 ವರ್ಷ ತುಂಬಿದ ಮೇಲೆ ಶೇ. 20 ಜಾಸ್ತಿ, 85ಕ್ಕೆ ಶೇ. 30, 90ಕ್ಕೆ ಶೇ. 40 ಸಿಗುತ್ತದೆ. ದಿನಾಂಕವೇ ಇಲ್ಲದಿದ್ದರೆ ವಯಸ್ಸು ಲೆಕ್ಕ ಹಾಕುವುದು ಯಾವುದರಿಂದ?

ನನ್ನದೇ ಮನೆಯ ಕಥೆ ಕೇಳಿ. ನನ್ನ ಹೆಂಡತಿಯ ಹೆಸರಿನಲ್ಲೂ ಒಂದು ಅಕ್ಷರ ತಪ್ಪಿತ್ತು. ಅರ್ಜಿ ಎರಡು ಸಲ ವಾಪಸ್ ಬಂತು. ಮೊದಲ ಸಲ ಅಫಿಡವಿಟ್‌ನ ಜೆರಾಕ್ಸ್ ಕಳಿಸಿದ್ದೆ, ಅಸಲಿ ಕಳಿಸಿ ಅಂದರು. ಸರಿ, ಅದು ನನ್ನ ತಪ್ಪು. ಎರಡನೇ ಸಲ ಸಹಿ ಹೊಂದುತ್ತಿಲ್ಲ ಅಂದರು. ಸರ್ವಿಸ್‌ನಲ್ಲಿ ಇಂಗ್ಲಿಷ್ ಸಹಿ ಮಾಡುತ್ತಿದ್ದೆ, ಊರಿಗೆ ಬಂದ ಮೇಲೆ ಕನ್ನಡದಲ್ಲಿ ಮಾಡಲು ಶುರು ಮಾಡಿದ್ದೆ! ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ನಡುವೆ ಒಬ್ಬ ಏಜೆಂಟ್ ಎಂಟು ಸಾವಿರ ಕೊಡಿ, ತಿಂಗಳಲ್ಲಿ ಮಾಡಿಸುತ್ತೇನೆ ಅಂದ. ಅವನು ಮಾಡುವುದೂ ಇದೇ ಅರ್ಜಿ ಕಳಿಸುವ ಕೆಲಸವೇ. ಸುಮ್ನೆ ಕೊಡಬೇಡಿ. ಅರ್ಜಿ ಬರೆಯಲು ಕಷ್ಟ ಅನ್ನಿಸಿದರೆ ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ.

ಅರ್ಜಿಯಲ್ಲಿ ತಂದೆ ಡಿಸ್ಚಾರ್ಜ್ ಬುಕ್ಕಿನಲ್ಲಿರುವ ಸಹಿಯನ್ನೇ ಹಾಕಲಿ. ಸರ್ವಿಸ್ ನಂಬರಿನ ಕೊನೆಯ ಇಂಗ್ಲಿಷ್ ಅಕ್ಷರ ಬಿಟ್ಟುಹೋಗದಂತೆ ನೋಡಿ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಆ ರಸೀದಿ ನಂಬರ್ ಹಾಕಿ ನೆನಪಿನ ಪತ್ರ ಬರೆಯಿರಿ.

ತಂದೆಯ ರೆಜಿಮೆಂಟ್ ಯಾವುದು ಅಂತ ನೀವು ಹೇಳಿಲ್ಲ. ಮರಾಠಾ ಆದರೆ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲಿದೆ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು, ಮದ್ರಾಸ್ ರೆಜಿಮೆಂಟ್ ಆದರೆ ವೆಲ್ಲಿಂಗ್ಟನ್, ಆರ್ಟಿಲರಿ ಆದರೆ ನಾಸಿಕ್ ರೋಡ್, ಸಿಗ್ನಲ್ಸ್ ಆದರೆ ಜಬಲ್ಪುರ. ಬೇರೆ ಯಾವುದಾದರೂ ಆಗಿದ್ದರೆ ಇಲ್ಲೇ ಬರೆಯಿರಿ, ಹೇಳುತ್ತೇನೆ. ಸರ್ವಿಸ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.