ದ್ರಾಕ್ಷಿ ಗುಡ್ಡೆಗೆ ಕಾಲ್ನಡಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗಂಡನಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಆರು ವರ್ಷದ ಮಗನ ಜೊತೆ ಬೇಸಿಗೆಗೆ ಹೊರಡುತ್ತೇವೆ. ಕಾರಿಲ್ಲ. ಪೇಟೆಯೊಳಗೇ ದ್ರಾಕ್ಷಿ ತೋಟಗಳಿವೆ, ನಡೆದೇ ನೋಡಬಹುದು ಎನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು? ನಾವು ಸಸ್ಯಾಹಾರಿಗಳು.
– ಓದುಗರು, ಉಡುಪಿ

ಉತ್ತರ: ಮೊದಲ ಸಲಕ್ಕೆ ಓಬರ್‌ಟ್ಯೂರ್ಕ್‌ಹೈಮ್ ಸಾಕು. ಮುಖ್ಯ ನಿಲ್ದಾಣದಿಂದ ಎಸ್1 ರೈಲಿನಲ್ಲಿ ಕಾಲು ಗಂಟೆಯ ದಾರಿ. ಅಲ್ಲಿಂದ ಊಲ್‌ಬಾಖ್ ಹಳ್ಳಿಗೆ ನಡೆದು, ತೋಟಗಳ ನಡುವೆ ರೋಟೆನ್‌ಬರ್ಗ್‌ಗೆ ಹತ್ತಿ. ಪಕ್ಕದಲ್ಲೇ 411 ಮೀಟರ್ ಎತ್ತರದ ವ್ಯುರ್ಟೆಂಬೆರ್ಗ್ ಗುಡ್ಡೆ. 1819ರಲ್ಲಿ ತೀರಿಕೊಂಡ ರಾಣಿ ಕಟರೀನಾಗೆ ರಾಜ ಒಂದನೇ ವಿಲ್‌ಹೆಲ್ಮ್ ಕಟ್ಟಿಸಿದ ಗುಮ್ಮಟದ ಸಮಾಧಿ ಅದರ ನೆತ್ತಿಯಲ್ಲಿದೆ. ನೆಕ್ಕಾರ್ ನದಿಯ ಕಣಿವೆಯೆಲ್ಲ ಅಲ್ಲಿಂದ ಕಾಣುತ್ತದೆ. ಮಗುವಿನ ಜೊತೆ ಅರ್ಧ ದಿನ ಇಟ್ಟುಕೊಳ್ಳಿ.

ಇಳಿಯುವಾಗ ಮಾತ್ರ ನಡೆಯಬೇಡಿ. ತೋಟದ ದಾರಿಗಳು ಟ್ರ್ಯಾಕ್ಟರಿಗಾಗಿ ಹಾಕಿದ ಕಾಂಕ್ರೀಟು, ಡಾಂಬರು. ಇಳಿಜಾರಿನಲ್ಲಿ ಮಂಡಿಗೂ ಕಾಲ್ಬೆರಳಿಗೂ ಪೆಟ್ಟು. ರೋಟೆನ್‌ಬರ್ಗ್‌ನಿಂದ 61ನೇ ನಂಬರಿನ ಬಸ್ಸು ಉಂಟರ್‌ಟ್ಯೂರ್ಕ್‌ಹೈಮ್‌ಗೆ ಇಳಿಸುತ್ತದೆ, ಅಲ್ಲಿ ಮತ್ತೆ ಎಸ್1. ರಿಪೇರಿಗೆಂದು ರೈಲು ನಿಲ್ಲುವುದು ಸಾಮಾನ್ಯ. ಹಿಂದಿನ ರಾತ್ರಿಯೇ ಅಲ್ಲಿಯ ರೈಲು, ಬಸ್ಸು ಸಂಸ್ಥೆ ವಿವಿಎಸ್‌ನ ಆ್ಯಪ್ ನೋಡಿ. ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ರೈಲು, ಬಸ್ಸು ಎರಡಕ್ಕೂ ಆಯಿತು. ಅದು ತಿಂಗಳ ಚಂದಾ: ಮುಂದಿನ ತಿಂಗಳಿಗೆ ಬೇಡವೆಂದರೆ ಈ ತಿಂಗಳ 10ರೊಳಗೆ ರದ್ದು ಮಾಡಬೇಕು. ಹೊಸಬರು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಜುಲೈ, ಆಗಸ್ಟ್ ಮಧ್ಯಾಹ್ನ ಬೇಡ. ತೋಟದಲ್ಲಿ ನೆರಳಿಲ್ಲ, ದಕ್ಷಿಣಕ್ಕೆ ಮುಖ ಮಾಡಿದ ಕಲ್ಲಿನ ಕಟ್ಟೆಗಳು ನಮ್ಮ ಮುರಕಲ್ಲಿನ ಪಾರೆಯ ಹಾಗೆ ಕಾಯುತ್ತವೆ. ಒಬ್ಬರಿಗೆ ಒಂದೂವರೆ ಲೀಟರ್ ನೀರು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಬುತ್ತಿ ಕಟ್ಟಿಕೊಳ್ಳಿ.

ಬಾಗಿಲಿಗೆ ಪೊರಕೆ ತೂಗುಹಾಕಿದ ಮನೆ ಕಂಡರೆ ಅದು 'ಬೇಸನ್'. ಬೆಳೆಗಾರ ತನ್ನದೇ ವೈನ್ ಮಾರುವ ಜಾಗ. ವರ್ಷಕ್ಕೆ ನಾಲ್ಕು ತಿಂಗಳು, 40 ಸೀಟಿಗೆ ಮಾತ್ರ ಅನುಮತಿ. ಎಷ್ಟೋ ಕಡೆ ನಗದೇ ಬೇಕು. ಊಟದಲ್ಲಿ ಎಚ್ಚರ: ಆಲೂಗಡ್ಡೆ ಸಲಾಡ್ ನೋಡಲು ಸಸ್ಯಾಹಾರ, ಆದರೆ ಅಲ್ಲಿಯವರು ಅದಕ್ಕೆ ಮಾಂಸದ ಸಾರು ಸುರಿಯುತ್ತಾರೆ. ಈರುಳ್ಳಿ ಕೇಕಿನಲ್ಲಿ ಹಂದಿಮಾಂಸದ ಚೂರು. ಚೀಸ್ ಹಾಕಿದ 'ಕೇಸ್‌ಷ್ಪೆಟ್ಸ್‌ಲೆ'ಯಲ್ಲಿ ಮಾಂಸವಿಲ್ಲ, ಮೊಟ್ಟೆ ಇದೆ. ಕುಡಿಯದವರು 'ಟ್ರೌಬನ್‌ಸಾಫ್ಟ್' ಕೇಳಿ: ಬರೀ ದ್ರಾಕ್ಷಿರಸ.

ಹುಲ್ಲಂಚಿನಲ್ಲಿ ಉಣ್ಣಿಗಳಿವೆ. ನಮ್ಮಲ್ಲಿ ಉಣ್ಣಿಯಿಂದ ಮಂಗನ ಕಾಯಿಲೆ ಬರುವ ಹಾಗೆ, ಅಲ್ಲಿ ಮೆದುಳಿನ ಉರಿಯೂತ ಬರುತ್ತದೆ. ವೈದ್ಯರ ಹತ್ತಿರ 'ಎಫ್‌ಎಸ್‌ಎಂಇ' ಲಸಿಕೆ ಕೇಳಿ, ಮೂರು ಡೋಸ್.

ಪ್ರಶ್ನೆ: ನಾವು ಅಡಿಕೆ ಬೆಳೆಗಾರರು. ಸೆಪ್ಟೆಂಬರ್‌ನಲ್ಲಿ ಅದೇ ಊರಿನ ಮಗಳ ಮನೆಗೆ ಹೋಗುತ್ತೇವೆ. ತೋಟಕ್ಕೆ ಇಳಿದು ನೋಡಬಹುದೇ? ನಾಲ್ಕು ಹಣ್ಣು ಕೊಯ್ದರೆ ಏನಾದೀತು?
– ಓದುಗರು, ಮಂಗಳೂರು

ಉತ್ತರ: ಕೊಯ್ಯಬೇಡಿ, ಅದು ಕಳ್ಳತನವೇ. ದಾರಿ ಬಿಟ್ಟು ಸಾಲಿನೊಳಗೆ ಇಳಿಯುವುದೂ ಬೇಡ. ಹಣ್ಣಾಗುವ ಹೊತ್ತಿಗೆ ಕೆಲವು ಊರುಗಳಲ್ಲಿ ದಾರಿಯನ್ನೇ ಮುಚ್ಚುತ್ತಾರೆ. 'ಗೆಶ್‌ಪೆರ್ಟ್' ಎಂಬ ಫಲಕ ಕಂಡರೆ ಹಿಂದಿರುಗಿ. ಢಂ ಎಂದು ಸದ್ದು ಬಂದರೆ ಹೆದರಬೇಡಿ, ಹಕ್ಕಿ ಓಡಿಸುವ ಗ್ಯಾಸಿನ ಕೋವಿ.

ಕೊಳೆರೋಗಕ್ಕೆ ನೀವು ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋದಲ್ಲಿ ಮಿಯಾರ್ದೆ ಎಂಬ ವಿಜ್ಞಾನಿ 1885ರಲ್ಲಿ ಬೂಜುರೋಗಕ್ಕೆ ಅದರ ಉಪಾಯ ಪ್ರಕಟಿಸಿದರು. ಆ ದ್ರಾವಣದಲ್ಲಿರುವ ತಾಮ್ರವನ್ನು ಯುರೋಪಿನ ದ್ರಾಕ್ಷಿಗೆ ಇಂದಿಗೂ ಹೊಡೆಯುತ್ತಾರೆ. ಗಿಡದ ಎಲೆ ಮುಟ್ಟದಿರಲು ಅದೂ ಒಂದು ಕಾರಣ.

ಪ್ರಶ್ನೆ: ಅಕ್ಟೋಬರ್‌ನಲ್ಲಿ ಸಿಗುವ 'ಹೊಸ ವೈನ್' ಬಾಟಲಿಯನ್ನು ಊರಿಗೆ ತರಬಹುದೇ?
– ಓದುಗರು, ಮಣಿಪಾಲ

ಉತ್ತರ: ಅದೊಂದನ್ನು ತರಬೇಡಿ ಮಾರಾಯ್ರೆ. ಅದು ಇನ್ನೂ ಹುಳಿಯುತ್ತಿರುವ ರಸ. ಮರದಿಂದ ಇಳಿಸಿದ ಕಳ್ಳಿನಂತೆ ಗಳಿಗೆಗೊಂದು ರುಚಿ. ಗ್ಯಾಸ್ ಹೋಗಲೆಂದು ಮುಚ್ಚಳವನ್ನು ಬಿಗಿ ಮಾಡಿರುವುದಿಲ್ಲ, ಮಲಗಿಸಿದರೆ ಸೋರುತ್ತದೆ. ಬಿಗಿ ಮಾಡಿದರೆ ಬಾಟಲಿಯೇ ಒಡೆದೀತು. ಅಲ್ಲೇ, ನಿಲ್ಲಿಸಿಟ್ಟು ಕುಡಿಯಿರಿ. ತರುವುದಿದ್ದರೆ ಅಲ್ಲಿಯ ಕೆಂಪು ವೈನ್‌ಗಳಾದ ಟ್ರೋಲಿಂಗರ್ ಅಥವಾ ಲೆಂಬರ್ಗರ್, ಸೀಲಾದ ಬಾಟಲಿ. ವಯಸ್ಕರೊಬ್ಬರಿಗೆ ಸುಂಕವಿಲ್ಲದೆ 2 ಲೀಟರ್, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಮೂರನೆಯದು ಮಿತಿ ದಾಟುತ್ತದೆ. ಬಟ್ಟೆ ಸುತ್ತಿ ಚೆಕ್-ಇನ್ ಬ್ಯಾಗಿನ ನಡುವೆ ಇಡಿ.